ಕಳ್ಳನ ಪಾಲು

ಜನವರಿ ೯, ಮಂಗಳವಾರ

ಇವತ್ತಿನಿಂದ ಬರೆದಿಡುತ್ತೇನೆ. ಯಾರು ಯಾವ ದಿನ ಏನು ಹೇಳಿದರು, ಹೇಳುವಾಗ ಅವರ ಕಣ್ಣು ಎಲ್ಲಿತ್ತು, ಎಲ್ಲವೂ ಇಲ್ಲಿರಬೇಕು. ನಾಳೆ ಯಾರಾದರೂ ಮಾತು ತಿರುಗಿಸಿದರೆ ಪುಸ್ತಕ ಬಿಚ್ಚಿ ಮುಖಕ್ಕೆ ಹಿಡಿಯಬಹುದು. ಐವತ್ತೆಂಟು ವರ್ಷಕ್ಕೆ ಬಂದ ಬುದ್ಧಿ ಇದು.

ಬೆಳಿಗ್ಗೆ ಅಕ್ಕನ ಮಗಳು ಬಿರಾಗೊ ನೈರೋಬಿಯ ಹೆಂಗಸೊಬ್ಬಳನ್ನು ಅಂಗಡಿಗೆ ಕರೆತಂದಳು. ಹೆಸರು ಚೆಬೆಟ್. ಕಂಪನಿ ನಡೆಸುತ್ತಾಳಂತೆ. ಕಾಲಿಗೆ ಬಿಳಿ ಬೂಟು. ನಮ್ಮ ಕುಮಾಸಿಯ ಸುವಾಮೆ ಗ್ಯಾರೇಜು ಸಾಲಿನಲ್ಲಿ ಮಣ್ಣು ಕಂಡವರಿಲ್ಲ, ಕಾಲಿಟ್ಟಲ್ಲೆಲ್ಲ ಸುಟ್ಟ ಆಯಿಲ್ಲು. ಅಂಥ ಕಡೆ ಬಿಳಿ ಬೂಟು ಹಾಕಿಕೊಂಡು ಬರುವವರು ಒಂದೋ ಪೆದ್ದರು, ಇಲ್ಲವೇ ಬೇಗ ಕೆಲಸ ಮುಗಿಸಿಕೊಂಡು ಕಾಲು ಕೀಳಬೇಕೆಂದು ಬಂದವರು. ಈಕೆ ಪೆದ್ದಿಯಲ್ಲ.

ನೋಡಲು ಬಂದದ್ದು ನನ್ನ ಕಾವಲುಗಾರನನ್ನು. ಫ್ರಿಜ್ಜಿಗೂ ಗೋಡೆಯ ಪ್ಲಗ್ಗಿಗೂ ನಡುವೆ ಕೂರುವ ಪೆಟ್ಟಿಗೆ ಅದು. ಕರೆಂಟು ಕುಸಿದರೆ ಎತ್ತಿಕೊಡುತ್ತದೆ, ಹಾರಿದರೆ ತಗ್ಗಿಸುತ್ತದೆ. ಹೊರಗಿನಿಂದ ಬರುವ ಪೆಟ್ಟಿಗೆಗಳು ನಮ್ಮ ಕರೆಂಟಿನ ಕುಣಿತ ಕಂಡು ಒಂದೇ ವರ್ಷದಲ್ಲಿ ಕೈ ಎತ್ತುತ್ತವೆ. ನನ್ನದು ಕುಮಾಸಿಯ ಒಂಬತ್ತು ಆಸ್ಪತ್ರೆಗಳಲ್ಲಿ ಹನ್ನೊಂದು ವರ್ಷದಿಂದ ಮಕ್ಕಳ ಲಸಿಕೆ ಕಾಯುತ್ತಿದೆ. ಗುಟ್ಟೆಲ್ಲ ಒಳಗಿನ ತಾಮ್ರದ ಕಾಯಿಲ್ಲಿನಲ್ಲಿ. ಅದನ್ನು ನಾನೇ ಕೈಯಾರೆ ಸುತ್ತಿ ಟಾರಿನಲ್ಲಿ ಮುಳುಗಿಸುತ್ತೇನೆ. ಯಾರಾದರೂ ಬಿಚ್ಚಹೋದರೆ ತಂತಿ ಚೂರುಚೂರಾಗುತ್ತದೆ, ಎಣಿಸಲಾಗುವುದಿಲ್ಲ. ಎಷ್ಟು ಸುತ್ತು ಎಂಬುದು ನನ್ನೊಬ್ಬನಿಗೇ ಗೊತ್ತು. ಇನ್ನೂರ ಹನ್ನೆರಡು. ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಆ ಹೆಂಗಸು ಎರಡು ಗಂಟೆ ಕೂತಳು. ಸುತ್ತಿನ ಮಾತೇ ಎತ್ತಲಿಲ್ಲ. ನನಗೆ ಅನುಮಾನ ಬಂದದ್ದೇ ಅಲ್ಲಿ.

ಹೋದ ಮೇಲೆ ಪಕ್ಕದ ಬ್ಯಾಟರಿ ಅಂಗಡಿಯ ನ್ಸಿಯಾ ತಲೆ ಹಾಕಿದ. "ಏನಯ್ಯಾ ಕ್ವಾಬೆನಾ, ಅದೃಷ್ಟ ಬೂಟು ಹಾಕ್ಕೊಂಡು ಬಂದಿತ್ತಲ್ಲ? ನೀರಾದ್ರೂ ಕೊಟ್ಯೋ, ಇಲ್ಲ ಗುರುತಿನ ಚೀಟಿ ಕೇಳ್ದ್ಯೋ?"

"ಬೆಳ್ಳಗಿರೋದೆಲ್ಲ ಹಾಲಲ್ಲ, ನಿನ್ ಕೆಲಸ ನೋಡ್ಕೋ," ಎಂದೆ.

ಜನವರಿ ೧೨, ಶುಕ್ರವಾರ

ಚೆಬೆಟ್ ಮತ್ತೆ ಬಂದಳು. ಈ ಸಲ ಕಪ್ಪು ಬೂಟು. ಕಲಿತುಕೊಳ್ಳುತ್ತಿದ್ದಾಳೆ.

"ಮೇಸ್ತ್ರಿ, ನಾನು ನಿಮ್ಮ ಪೆಟ್ಟಿಗೆ ಕೊಂಡ್ಕೊಂಡು ಹೋಗೋಕೆ ಬಂದಿಲ್ಲ. ನಿಮ್ಮ ಜೊತೆ ಸೇರಿ ಮಾಡೋಕೆ ಬಂದಿದೀನಿ," ಎಂದಳು. "ನಿಮ್ಮ ಕೈ ವಾರಕ್ಕೆ ನಾಲ್ಕು ಪೆಟ್ಟಿಗೆ ಮಾಡತ್ತೆ. ಆರು ದೇಶದ ಆಸ್ಪತ್ರೆಗಳಿಗೆ ನಾಲ್ಕು ಸಾವಿರ ಬೇಕು. ತೇಮಾದಲ್ಲಿ ಕಾರ್ಖಾನೆ ಇದೆ, ಯಂತ್ರ ಇದೆ. ಇಲ್ಲದೇ ಇರೋದು ನಿಮ್ಮ ನಕ್ಷೆ ಒಂದೇ."

ಮೊದಲು ಹನ್ನೆರಡು ಮಾಡಿ ಉತ್ತರದ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಇಡುತ್ತಾರಂತೆ. ಎರಡು ತಿಂಗಳು ಬಾಳಿದರೆ ನಾಲ್ಕು ಸಾವಿರ.

ಬಿರಾಗೊಳ ಕಣ್ಣು ಹೊಳೆಯುತ್ತಿತ್ತು. "ಮಾವ, ಹೊರಗಿನವರು ಮಾಡಿದ್ದನ್ನ ನಾವು ರಿಪೇರಿ ಮಾಡ್ತಾ ಕೂರೋದು ಎಷ್ಟು ದಿನ? ನಾವು ಮಾಡಿದ್ದು ಒಂದ್ಸಲ ಹೊರಗೆ ಹೋಗ್ಲಿ."

ಹೊರಗೆ ಹೋದದ್ದು ನನಗೆ ಗೊತ್ತಿಲ್ಲವೇ? ಹದಿನೈದು ವರ್ಷದ ಹಿಂದೆ ನನ್ನ ಬ್ಯಾಟರಿ ಚಾರ್ಜರಿನ ಫೋಟೊ ಒಬ್ಬ ತೆಗೆದುಕೊಂಡು ಹೋದ. ಹೋಗುವಾಗ ಕೈ ಕುಲುಕಿ, ನೀವು ಜಾಣರು ಎಂದ. ಮುಂದಿನ ವರ್ಷ ಅದೇ ಚಾರ್ಜರ್ ಕಂಟೇನರಿನಲ್ಲಿ ಬಂದಿಳಿಯಿತು, ನನ್ನದರ ಅರ್ಧ ಬೆಲೆಗೆ. ನಾನು ಅವಸರದಲ್ಲಿ ತಪ್ಪು ಜಾಗದಲ್ಲಿ ಕೊರೆದಿದ್ದ ಒಂದು ತೂತು ಅದರಲ್ಲೂ ಇತ್ತು. ಆ ತೂತು ನೋಡಿ ನಾನು ಬೀದಿಯಲ್ಲಿ ನಿಂತು ಅತ್ತಿದ್ದೇನೆ. ಯಾರಿಗೂ ಹೇಳಿಲ್ಲ.

ಅದಕ್ಕೇ ಇರುವುದು ಕಳ್ಳನ ಪಾಲು. ಸುವಾಮೆಯಲ್ಲಿ ಯಾವ ಮೇಸ್ತ್ರಿಯೂ ಅಳತೆ ಪುಸ್ತಕದಲ್ಲಿ ಪೂರ್ತಿ ನಿಜ ಬರೆಯುವುದಿಲ್ಲ. ಕದ್ದು ಓದುವವನಿಗಾಗಿ ಒಂದು ಕಡೆ ತಪ್ಪು ಅಂಕಿ ಬಿಟ್ಟಿರುತ್ತೇವೆ. ಕದ್ದವನು ಮಾಡಿದ ಸಾಮಾನು ಮೊದಲು ಚೆನ್ನಾಗಿ ಓಡಿ ಆಮೇಲೆ ಕೈ ಕೊಡಬೇಕು, ಅವನು ಬಾಲ ಮುದುರಿಕೊಂಡು ಬರಬೇಕು. ಶಿಷ್ಯನ ಬಿಡುಗಡೆಯ ದಿನ ಅವನ ತಲೆಯ ಮೇಲೆ ಬಿಳಿ ಪೌಡರ್ ಸುರಿದು, ಕಿವಿಯಲ್ಲಿ ನಿಜ ಅಂಕಿ ಹೇಳುತ್ತೇವೆ. ಬಿರಾಗೊ ನನ್ನ ಹತ್ತಿರ ಮೂರು ವರ್ಷ ಕಲಿತು, ಅರ್ಧಕ್ಕೇ ಬಿಟ್ಟು ಯೂನಿವರ್ಸಿಟಿಗೆ ಹೋದಳು. ಎಂಜಿನಿಯರ್ ಆಗಿ ಬಂದು ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದಾಳೆ. ಅವಳಿಗೆ ಪೌಡರೂ ಆಗಿಲ್ಲ, ಅಂಕಿಯೂ ಸಿಕ್ಕಿಲ್ಲ. ಕಳ್ಳನ ಪಾಲು ಎಂಬ ಪದ್ಧತಿಯೊಂದಿದೆ ಎಂದೇ ಗೊತ್ತಿಲ್ಲ. ಅದನ್ನೂ ಹೇಳುವುದು ಪೌಡರಿನ ದಿನವೇ.

ನಮ್ಮಲ್ಲಿ ಮನುಷ್ಯ ಸತ್ತರೆ ಅವನದೆಲ್ಲ ಅಕ್ಕತಂಗಿಯರ ಮಕ್ಕಳಿಗೆ. ಹೇಗೂ ಇವಳಿಗೇ ಬರುತ್ತದೆ. ಅಷ್ಟು ಅವಸರ ಯಾಕೆ ಎಂಬುದು ನನ್ನ ಪ್ರಶ್ನೆ.

ನನ್ನ ಮೇಸ್ತ್ರಿ ಬೊವಾದು ಎಲ್ಲವನ್ನೂ ಹೇಳಿಕೊಟ್ಟರು, ಮರದ ಮಿಲ್ಲಿನ ದೊಡ್ಡ ಮೋಟಾರಿನ ಸುತ್ತಿನ ಅಂಕಿಯೊಂದನ್ನು ಬಿಟ್ಟು. ಇನ್ನೊಂದು ವರ್ಷ ನೋಡೋಣ, ಇನ್ನೊಂದು ವರ್ಷ ನೋಡೋಣ ಎನ್ನುತ್ತಿದ್ದವರಿಗೆ ಒಂದು ದಿನ ಲಕ್ವ ಹೊಡೆದು ನಾಲಗೆ ಬಿತ್ತು. ಹಾಸಿಗೆಯ ಮೇಲೆ ಬೆರಳು ಮಾತ್ರ ಇಲ್ಲದ ತಂತಿ ಸುತ್ತುತ್ತಿತ್ತು. ಮೂರು ದಿನ ಪಕ್ಕದಲ್ಲಿ ಕೂತು ಎಣಿಸಿದೆ. ಪ್ರತಿ ಸಲವೂ ನಡುವೆ ಲೆಕ್ಕ ತಪ್ಪಿತು. ಆ ಮೋಟಾರು ಮಿಲ್ಲಿನ ಹಿಂದೆ ಇನ್ನೂ ತುಕ್ಕು ಹಿಡಿಯುತ್ತಾ ಬಿದ್ದಿದೆ. ಎಚ್ಚರದ ಮನುಷ್ಯ, ಅಷ್ಟು ಮಾತ್ರ ಹೇಳಬಲ್ಲೆ.

ಟಾರು ಹಾಕದ ಒಂದೇ ಒಂದು ಕಾಯಿಲ್ಲು ಮನೆಯ ಟ್ರಂಕಿನಲ್ಲಿದೆ. ಇವತ್ತು ಮೂರನೆಯ ಬೀಗ ತಂದು ಹಾಕಿದೆ. ಚಿಲಕಕ್ಕೆ ಕಪ್ಪು ದಾರವೊಂದನ್ನೂ ಕಟ್ಟಿದ್ದೇನೆ. ಯಾರಾದರೂ ತೆಗೆದರೆ ಗೊತ್ತಾಗಲಿ.

ಜನವರಿ ೨೦, ಶನಿವಾರ

ನಕ್ಷೆ ಕೊಟ್ಟೆ. ಕೊಡುವುದಿಲ್ಲ ಎಂದರೆ ಅಕ್ಕ ಊಟ ಬಿಡುತ್ತೇನೆ ಎಂದಳು. ನನ್ನ ಕೈಬರಹದ್ದೇ ಕಾಗದ, ಸುತ್ತು ಇನ್ನೂರ ಹನ್ನೆರಡು ಎಂದು ಬರೆದಿದ್ದೇನೆ.

ನಾನೇನು ಹುಚ್ಚನೇ? ಇನ್ನೂರ ಹನ್ನೆರಡು ನಿಜವಲ್ಲ. ಈ ಪುಸ್ತಕದಲ್ಲಿ ಮೊದಲ ದಿನ ಬರೆದದ್ದೂ ನಿಜವಲ್ಲ. ಪುಸ್ತಕಕ್ಕೂ ಕಾಲು ಬರುತ್ತವೆ.

ಅವರು ತೇಮಾದಲ್ಲಿ ಮಾಡಿ ಓಡಿಸಿ ನೋಡುತ್ತಾರೆ, ನಾಲ್ಕೈದು ದಿನದಲ್ಲಿ ಕಾದು ಸುಡುತ್ತದೆ. ಆಗ ಚೆಬೆಟ್ ತಲೆ ತಗ್ಗಿಸಿಕೊಂಡು ಬರುತ್ತಾಳೆ. ಮೊದಲು ನನ್ನ ಹೆಸರು ಬರೆದು ಸಹಿ ಹಾಕಮ್ಮಾ, ಆಮೇಲೆ ಮಾತು ಎನ್ನುತ್ತೇನೆ. ಯಾರಿಗೂ ನಷ್ಟವಿಲ್ಲ, ಒಂದೆರಡು ಪೆಟ್ಟಿಗೆ ಬಿಟ್ಟರೆ.

ಮಧ್ಯಾಹ್ನ ಬಿರಾಗೊ ಕಾಗದ ಹಿಡಿದುಕೊಂಡು ಬಂದಳು. "ಮಾವ, ಇನ್ನೂರ ಹನ್ನೆರಡು ಸರೀನಾ? ನಾನು ಲೆಕ್ಕ ಹಾಕಿದ್ರೆ ಇನ್ನೂರ ಮೂವತ್ತೇಳು ಬರ್ತಿದೆ."

ಎದೆ ಧಸಕ್ಕೆಂದಿತು. ಮುಖದಲ್ಲಿ ತೋರಿಸಲಿಲ್ಲ. ಗಾಳ ಹಾಕುತ್ತಿದ್ದಾಳೆ ಎಂದು ತಿಳಿಯಿತು.

"ಹಂಗಾದ್ರೆ ನಿನ್ ಯೂನಿವರ್ಸಿಟಿ ಲೆಕ್ಕದ ಪ್ರಕಾರ ಸುತ್ತು, ನನ್ನನ್ಯಾಕೆ ಕೇಳ್ತೀಯ?" ಎಂದೆ.

ಅವಳು ಸ್ವಲ್ಪ ಹೊತ್ತು ಕಾಗದವನ್ನೇ ನೋಡಿದಳು. "ನನ್ ಲೆಕ್ಕದಲ್ಲೇ ಎಲ್ಲೋ ತಪ್ಪಿರ್ಬೇಕು ಬಿಡಿ. ಹನ್ನೊಂದು ವರ್ಷ ಓಡಿರೋ ಪೆಟ್ಟಿಗೆ. ಮೇಸ್ತ್ರಿ ಕೈ ಸುಳ್ಳು ಹೇಳಲ್ಲ," ಎಂದು ನಕ್ಕು ಹೋದಳು.

ಆ ನಗುವಿನಲ್ಲಿ ಏನಿತ್ತು ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಸಂಜೆ ಸಮಾಧಾನವಾಗದೆ ಟ್ರಂಕು ತೆಗೆದು ಕಾಯಿಲ್ಲು ಹೊರತೆಗೆದು ನಾನೇ ಇನ್ನೊಮ್ಮೆ ಎಣಿಸಿದೆ. ಸರಿಯಾಗಿದೆ. ಎಣಿಸಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ತಡಕಾಡಿಕೊಂಡು ಮೂರೂ ಬೀಗ ಹಾಕಿದೆ.

ಫೆಬ್ರವರಿ ೨, ಶುಕ್ರವಾರ

ಚೆಬೆಟ್ ನೈರೋಬಿಯಿಂದ ಒಂದು ಪೊಟ್ಟಣ ಚಹಾ, ಒಂದು ಗೋಡೆ ಗಡಿಯಾರ ಕಳಿಸಿದ್ದಾಳೆ. ಗಡಿಯಾರವನ್ನು ಪೂರ್ತಿ ಬಿಚ್ಚಿ ನೋಡಿದೆ. ಒಳಗೆ ಏನೂ ಇಲ್ಲ. ಮತ್ತೆ ಜೋಡಿಸಿದ ಮೇಲೆ ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿದೆ. ಕಳಪೆ ಮಾಲು.

ಚಹಾ ಚೆನ್ನಾಗಿದೆ.

ಫೆಬ್ರವರಿ ೧೪, ಬುಧವಾರ

ಬಿರಾಗೊ ತೇಮಾದಿಂದ ಓಡೋಡಿ ಬಂದಳು. ಹನ್ನೆರಡು ಪೆಟ್ಟಿಗೆಯೂ ಕಾರ್ಖಾನೆಯಲ್ಲಿ ಎರಡು ವಾರ ಹಗಲೂ ರಾತ್ರಿ ಓಡಿವೆಯಂತೆ. ಒಂದೂ ಸುಟ್ಟಿಲ್ಲ. ಮುಟ್ಟಿದರೆ ಬೆಚ್ಚಗಿವೆ, ಅಷ್ಟೇ ಅಂತೆ. ನಾಳೆ ಲಾರಿಗೆ ಹಾಕಿ ಉತ್ತರಕ್ಕೆ ಕಳಿಸುತ್ತಾರಂತೆ. ನನ್ನನ್ನು ತಬ್ಬಿಕೊಂಡಳು.

ಸುಡಬೇಕಿತ್ತು. ಇನ್ನೂರ ಹನ್ನೆರಡು ಸುತ್ತಿದ್ದರೆ ಸುಡಲೇಬೇಕಿತ್ತು. ಸುಟ್ಟಿಲ್ಲವೆಂದರೆ ಅವರ ಹತ್ತಿರ ನಿಜ ಅಂಕಿ ಇದೆ.

ಮನೆಗೆ ಬಂದು ನೋಡಿದೆ. ಟ್ರಂಕಿನ ಚಿಲಕದಲ್ಲಿ ಕಪ್ಪು ದಾರ ಇಲ್ಲ.

ಪ್ರತಿ ಭಾನುವಾರ ಮನೆಗೆ ಬರುವವಳು ಅವಳೊಬ್ಬಳೇ.

ಫೆಬ್ರವರಿ ೧೮, ಭಾನುವಾರ

ಹೇಳಿಬಿಟ್ಟೆ.

ಬೇಯಿಸಿದ ಮರಗೆಣಸನ್ನು ಒರಳಿಗೆ ಹಾಕಿ ಫುಫು ಕುಟ್ಟುತ್ತಿದ್ದೆವು. ಹೆಂಡತಿ ತೀರಿಕೊಂಡ ಮೇಲೆ ಭಾನುವಾರದ ಫುಫು ಬಿರಾಗೊಳ ಜೊತೆಗೇ. ಒನಕೆ ನನ್ನದು, ಒರಳಿಗೆ ಕೈ ಹಾಕಿ ಹಿಟ್ಟು ತಿರುವುವುದು ಅವಳು. ಏಟಿಗೂ ಏಟಿಗೂ ನಡುವೆ ಕೈ ಹೋಗಿ ಬರಬೇಕು. ಅವಳು ಒನಕೆಯನ್ನು ನೋಡುವುದೇ ಇಲ್ಲ, ಯಾವುದೋ ಮಾತು ಆಡುತ್ತಾ ತಿರುವುತ್ತಾಳೆ. ಇವತ್ತು ಲಾರಿ ಎಲ್ಲಿಗೆ ಮುಟ್ಟಿತು, ಯಾವ ಹಳ್ಳಿಗೆ ಎಷ್ಟು ಪೆಟ್ಟಿಗೆ ಎಂದು ಹೇಳುತ್ತಿದ್ದಳು.

ನಾನು ಒನಕೆ ನಿಲ್ಲಿಸಿದೆ. "ಟ್ರಂಕು ಯಾವಾಗ ತೆಗ್ದೆ?"

"ಯಾವ ಟ್ರಂಕು?"

"ನಾಟಕ ಬೇಡ. ಬೀಗದ ಕೈ ಎಲ್ಲಿ ಸಿಕ್ತು? ನಾನು ಸ್ನಾನಕ್ಕೆ ಹೋದಾಗ್ಲಾ?"

ಮೊದಲು ನಕ್ಕಳು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. ಆಮೇಲೆ ಕೈ ಒರೆಸಿಕೊಳ್ಳದೆ ಹಾಗೇ ಎದ್ದು ನಿಂತಳು.

"ಮಾವ, ನಾನು ಕಳ್ಳಿ ಅಂತ ಹೇಳ್ತಿದೀರಾ?"

"ನಾನೆಲ್ಲಿ ಹೇಳ್ದೆ? ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?"

"ನಾನು ಹುಟ್ಟಿದಾಗಿಂದ ಈ ಮನೇಲಿ ಓಡಾಡ್ತಿದೀನಿ. ಒಂದು ಸೂಜಿ ಮುಟ್ಟಿದೀನಾ? ಕೇಳಿದ್ರೆ ನೀವೇ ಕೊಡ್ತೀರ ಅಂತಿದ್ದೆ. ಹತ್ತು ವರ್ಷದಿಂದ ಹಾಗೇ ಅಂದ್ಕೊಂಡಿದೀನಿ," ಎಂದಳು. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. "ಸರಿ ಮೇಸ್ತ್ರಿ. ನಾನು ತೇಮಾದಲ್ಲೇ ಇರ್ತೀನಿ."

ಮನೆಯಲ್ಲಿ ಯಾವತ್ತೂ ನನ್ನನ್ನು ಮೇಸ್ತ್ರಿ ಎಂದವಳಲ್ಲ.

ಅಳು ಅಭಿನಯವೂ ಇರಬಹುದು. ಕಣ್ಣು ನನ್ನ ಕಡೆಗೇ ಇತ್ತು ಎಂದು ಬರೆದಿಡುತ್ತೇನೆ.

ಫೆಬ್ರವರಿ ೨೭, ಮಂಗಳವಾರ

ಇವತ್ತು ಬರೆದಿಡುವಂಥದ್ದು ಯಾರೂ ಹೇಳಲಿಲ್ಲ. ಮೆಕ್ಕೆಜೋಳದ ಹಿಟ್ಟಿನ ಉಂಡೆ ಕೆಂಕೆ ತಂದು ಹುರಿದ ಮೀನಿನ ಜೊತೆ ತಿಂದೆ. ಫುಫು ಒಬ್ಬನೇ ಕುಟ್ಟಲಾಗುವುದಿಲ್ಲ.

ನ್ಸಿಯಾ ಕೇಳಿದ, "ಅಕ್ಕನ ಮಗಳು ಎಲ್ಲಯ್ಯಾ? ಅವಳಿಲ್ದೆ ನಿನ್ ಅಂಗಡಿ ಸೂತಕದ ಮನೆ ಥರ ಇದೆ."

ಇವನಿಗೇಕೆ ಇಷ್ಟು ಆಸಕ್ತಿ?

ಮಾರ್ಚ್ ೪, ಸೋಮವಾರ

ಇವತ್ತಿನದನ್ನೂ ಎಲ್ಲ ಬರೆಯಬೇಕು.

ಹತ್ತು ಗಂಟೆಗೆ ಚೆಬೆಟ್ ಫೋನು. ಉತ್ತರದ ಒಂದು ಆರೋಗ್ಯ ಕೇಂದ್ರದಲ್ಲಿ ಶನಿವಾರ ಬೆಳಿಗ್ಗೆ ಕರೆಂಟು ಒಮ್ಮೆಲೇ ಏರಿ, ಪೆಟ್ಟಿಗೆ ಹೊತ್ತಿಕೊಂಡಿದೆ. ಪಕ್ಕದ ಪರದೆಗೆ ಬೆಂಕಿ ತಗುಲಿದೆ. ಆರಿಸಲು ಹೋದ ನರ್ಸಿನ ಬಲಗೈ ಮೊಣಕೈವರೆಗೆ ಸುಟ್ಟಿದೆ. ಪಕ್ಕದ ಕೋಣೆಯಲ್ಲಿ ಆಗಷ್ಟೇ ಹೆತ್ತವರಿಬ್ಬರಿದ್ದರು, ಅವರನ್ನು ಹೊರಗೆ ತಂದಿದ್ದಾರೆ. ಆ ತಿಂಗಳ ಲಸಿಕೆಯೆಲ್ಲ ಹಾಳು. ಉಳಿದ ಹನ್ನೊಂದನ್ನು ಬಿರಾಗೊ ಫೋನು ಮಾಡಿ ಒಂದು ಗಂಟೆಯೊಳಗೆ ಬಂದ್ ಮಾಡಿಸಿದಳಂತೆ.

ಕಾರ್ಖಾನೆಯ ಕರೆಂಟು ಹಗಲೂ ರಾತ್ರಿ ಒಂದೇ ಸಮ. ಅಲ್ಲಿ ಬೆಚ್ಚಗಾದದ್ದು ಹಳ್ಳಿಯ ಕರೆಂಟಿಗೆ ಉರಿಯುತ್ತದೆ. ಕಾಯಿಲ್ಲು ಸುತ್ತುತ್ತಲೇ ಮುದುಕನಾದವನಿಗೆ ಇಷ್ಟು ಹೊಳೆಯಲಿಲ್ಲ. ಅಂದರೆ ಅವರು ಸುತ್ತಿದ್ದು ಇನ್ನೂರ ಹನ್ನೆರಡೇ. ಅವಳು ಕದ್ದಿರಲಿಲ್ಲ.

ಚೆಬೆಟ್ ಇನ್ನೂ ಮಾತಾಡುತ್ತಿದ್ದಳು. "ಬಿರಾಗೊ ಒಪ್ಕೊಂಡಿದಾಳೆ ಮೇಸ್ತ್ರಿ. ನಿಮ್ಮ ಕಾಗದದಿಂದ ಇಳಿಸ್ಕೊಳ್ಳುವಾಗ ಸುತ್ತಿನ ಅಂಕಿ ತಪ್ಪು ಬರೆದಳಂತೆ. ಮೂಲ ಕಾಗದ ಕಳೆದುಹೋಯ್ತು ಅಂತಾಳೆ. ಇನ್ಮೇಲೆ ಅವಳು ಈ ಕೆಲಸದಲ್ಲಿ ಇರಲ್ಲ. ಬೇರೆ ಯಾರೂ ಅವಳನ್ನ ತಗೊಳ್ಳೋದು ಕಷ್ಟ, ಅದು ಬೇರೆ ಮಾತು. ನಿಮ್ಮ ಪೆಟ್ಟಿಗೆ ಮೇಲೆ ನನಗೆ ನಂಬಿಕೆ ಇದೆ. ಒಪ್ಪಂದ ನಿಮ್ಮ ಒಬ್ಬರ ಹೆಸರಲ್ಲೇ ಮಾಡ್ಕೊಳ್ಳೋಣ. ಗುರುವಾರದೊಳಗೆ ಸರಿಯಾದ ಅಂಕಿ ಕೊಟ್ಟುಬಿಡಿ."

"ಆಗಲಿ," ಎಂದೆ.

ಮಾರ್ಚ್ ೫, ಮಂಗಳವಾರ

ಬೇಕೆಂದುಕೊಂಡಿದ್ದೆಲ್ಲ ಬಾಗಿಲಿಗೆ ಬಂದಿದೆ. ನನ್ನ ಹೆಸರು, ನನ್ನ ಸಹಿ, ಚೆಬೆಟ್ ತಾನಾಗಿ ಕೇಳುತ್ತಿದ್ದಾಳೆ. ನಾನು ಮಾಡಬೇಕಾದ್ದು ಒಂದೇ, ಬಾಯಿ ಮುಚ್ಚಿಕೊಂಡಿರುವುದು. ಅದು ನನಗೆ ಬರುವ ವಿದ್ಯೆ.

ಅವಳು ಯಾಕೆ ಹಾಗೆ ಹೇಳಿದಳು? ಏನು ಲಾಭ? ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ, ಒಂದು ಲಾಭವೂ ಸಿಗುತ್ತಿಲ್ಲ.

ಅವಳು ತಪ್ಪಿದ ಮಾತು ಎಲ್ಲಾದರೂ ಇರಬಹುದೆಂದು ಈ ಪುಸ್ತಕವನ್ನು ಮೊದಲಿಂದ ಓದಿದೆ. ಜನವರಿ ಇಪ್ಪತ್ತರಂದು ಟ್ರಂಕು ತೆಗೆದವನು ನಾನು. ಕರೆಂಟು ಹೋಯಿತು ಎಂದಿದೆ. ಮೂರು ಬೀಗ ಹಾಕಿದೆ ಎಂದಿದೆ. ದಾರ ಮತ್ತೆ ಕಟ್ಟಿದೆ ಎಂದು ಎಲ್ಲೂ ಇಲ್ಲ. ಟ್ರಂಕು ಸರಿಸಿ ನೋಡಿದೆ. ದಾರ ಟ್ರಂಕಿನ ಹಿಂದೆ ಗೋಡೆಗೆ ಒತ್ತಿಕೊಂಡು ಬಿದ್ದಿತ್ತು.

ಅದೇ ಪುಟದಲ್ಲಿ ಅವಳ ಮಾತೂ ಇದೆ. ಇನ್ನೂರ ಮೂವತ್ತೇಳು ಬರ್ತಿದೆ ಎಂದಿದ್ದಳು. ನಿಜಕ್ಕೆ ಒಂದು ಸುತ್ತು ಕಡಿಮೆ, ಅಷ್ಟೇ. ಅವಳ ಲೆಕ್ಕ ಸರಿಯಿತ್ತು, ನನ್ನ ಮಾತು ಕೇಳಿ ಅದನ್ನು ಅಳಿಸಿದಳು.

ಮಧ್ಯಾಹ್ನ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದಾಗ ನ್ಸಿಯಾ ಬಂದು, "ಏನಯ್ಯಾ, ಕೈಯಲ್ಲಿ ತಂತೀನೇ ಇಲ್ಲ, ಬೆರಳು ಯಾಕೆ ಸುತ್ತಿಸ್ತಿದೀಯ?" ಎಂದ.

ನೋಡಿಕೊಂಡೆ. ಹೌದು, ಬೆರಳು ಸುತ್ತುತ್ತಿತ್ತು. ಬೊವಾದು ಮೇಸ್ತ್ರಿಯ ಹಾಸಿಗೆ ನೆನಪಾಯಿತು. ಅಂಗಡಿ ಮುಚ್ಚಿ ಮನೆಗೆ ಬಂದೆ.

ಮಾರ್ಚ್ ೭, ಗುರುವಾರ. ತೇಮಾ

ನಿನ್ನೆ ನಮ್ಮ ದೇಶದ ಸ್ವಾತಂತ್ರ್ಯದ ದಿನ, ಬಸ್ಸು ತುಂಬ ಬಾವುಟ, ಹಾಡು. ನಾನು ಟ್ರಂಕಿನ ಕಾಯಿಲ್ಲನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದ ಹೆಂಗಸು ಮಗುವೇ ಎಂದು ಕೇಳಿದಳು.

ಇವತ್ತು ಬೆಳಿಗ್ಗೆ ಕಾರ್ಖಾನೆಯ ಆಫೀಸಿಗೆ ಹೋದಾಗ ಚೆಬೆಟ್ ಮೇಜಿನ ಆಚೆ, ಬಿರಾಗೊ ಬಾಗಿಲ ಹತ್ತಿರ. ತನ್ನ ಸಾಮಾನು ತುಂಬಿದ ರಟ್ಟಿನ ಡಬ್ಬ ಕೈಯಲ್ಲಿತ್ತು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಕೂತರೆ ಹೇಳಲಾಗುತ್ತಿರಲಿಲ್ಲ.

"ಅವಳು ತಪ್ಪು ಬರೆದಿಲ್ಲ. ನನ್ನ ಕಾಗದದಲ್ಲಿ ಇದ್ದದ್ದೇ ಇನ್ನೂರ ಹನ್ನೆರಡು. ಬೇಕಂತಲೇ ಬರೆದೆ. ನೀವು ಕದೀತೀರ ಅಂತ ಬರೆದೆ. ಇವಳು ಅವತ್ತೇ ಇದು ಸರಿನಾ ಅಂತ ಕೇಳಿದ್ಲು, ನಾನು ಬೈದು ಕಳಿಸ್ದೆ. ಪೆಟ್ಟಿಗೆ ಇಲ್ಲಿ ಸುಡಲಿಲ್ಲ ಅಂದಾಗ ನಿಜ ಅಂಕಿ ಕದ್ದಿದೀರ ಅಂದ್ಕೊಂಡು ಸುಮ್ಮನಿದ್ದೆ. ಆ ನರ್ಸಿನ ಕೈ ಸುಟ್ಟವನು ನಾನು."

ಚೆಬೆಟ್ ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

"ಮೇಸ್ತ್ರಿ, ಈ ಪೆಟ್ಟಿಗೇನ ನಾನು ಆರು ದೇಶದ ಆಸ್ಪತ್ರೆಗಳಿಗೆ ತೋರಿಸಿದೀನಿ. ಆಫ್ರಿಕಾದವರು ಮಾಡಿದ್ದು, ಆಫ್ರಿಕಾದ ಕರೆಂಟಿಗೆ ಅಂತ ಎದೆ ತಟ್ಕೊಂಡು ಹೇಳಿದೀನಿ. ಈಗ ಏನಂತ ಹೇಳ್ಲಿ? ನಮ್ಮ ಮೇಸ್ತ್ರಿ ನಮ್ಮನ್ನೇ ಕಳ್ಳರು ಅಂದ್ಕೊಂಡ್ರು ಅಂತಲಾ?"

ಟವೆಲು ಬಿಚ್ಚಿ ಕಾಯಿಲ್ಲನ್ನು ಮೇಜಿನ ಮೇಲಿಟ್ಟೆ.

"ಇನ್ನೂರ ಮೂವತ್ತೆಂಟು," ಎಂದೆ.

ಯಾರ ಕಿವಿಯಲ್ಲೂ ಹೇಳಲಿಲ್ಲ. ಚೆಬೆಟ್ ಇದ್ದಳು, ಕಾರ್ಖಾನೆಯ ಇಬ್ಬರಿದ್ದರು, ಚಹಾ ತಂದ ಹೆಂಗಸೂ ಇದ್ದಳು. ಕಿಟಕಿ ತೆರೆದೇ ಇತ್ತು.

ನಾಲ್ಕು ಸಾವಿರದ ಮಾತು ಸದ್ಯಕ್ಕೆ ಇಲ್ಲ. ಹೊಸದಾಗಿ ಇಪ್ಪತ್ತು ಮಾಡಿ, ಒಂದು ವರ್ಷ ಬೇರೆಯವರಿಂದ ಪರೀಕ್ಷೆ ಮಾಡಿಸಿ, ಆಮೇಲೆ ನೋಡೋಣ ಎಂದಳು ಚೆಬೆಟ್. ನಾನು ಸಹಿ ಹಾಕುವ ಪ್ರತಿ ಅಳತೆಯನ್ನೂ ಬಿರಾಗೊ ಮೊದಲು ಪರೀಕ್ಷಿಸಿ ಸಹಿ ಹಾಕಬೇಕಂತೆ. ನರ್ಸಿನ ಚಿಕಿತ್ಸೆಗೆ ಕಂಪನಿಯಿಂದ ಕೊಡುತ್ತಾರೆ. ನಾನ್ಯಾವಾಗ ಹೋಗಿ ಆಕೆಯ ಮುಖ ನೋಡುವುದು ಎಂದು ಕೇಳಿದ್ದೇನೆ.

ಹೊರಗೆ ಬಂದ ಮೇಲೆ ಬಿರಾಗೊ ಚೀಲದಿಂದ ಒಂದು ಕಾಗದ ತೆಗೆದಳು. ನನ್ನದೇ ಕೈಬರಹ. ಕಳೆದಿರಲಿಲ್ಲ.

"ಸುಟ್ಟ ಮೇಲೆ ಕೂತು ಮತ್ತೆ ಲೆಕ್ಕ ಹಾಕಿದೆ. ಆವಾಗ ಅರ್ಥ ಆಯ್ತು," ಎಂದಳು.

"ಮತ್ಯಾಕೆ ನಿನ್ ತಲೆ ಮೇಲೆ ಎಳ್ಕೊಂಡೆ?"

"ನಾನು ತಪ್ಪು ಬರೆದೆ ಅಂದ್ರೆ ಒಬ್ಬ ಎಂಜಿನಿಯರ್ ಹಾಳಾಗ್ತಾಳೆ. ಮೇಸ್ತ್ರಿ ಸುಳ್ಳು ಬರೆದ್ರು ಅಂದ್ರೆ ಸುವಾಮೆಯಿಂದ ಯಾರು ಏನು ತಗೋತಾರೆ ಮಾವ?" ಎಂದವಳು ತಟ್ಟನೆ ಸಿಟ್ಟಾಗಿ, "ನಿಮ್ಮನ್ನ ಕ್ಷಮಿಸ್ಬಿಟ್ಟೆ ಅಂದ್ಕೋಬೇಡಿ," ಎಂದು ಡಬ್ಬವನ್ನು ನನ್ನ ಕೈಗೆ ತುರುಕಿ ಮುಂದೆ ನಡೆದಳು.

ಮತ್ತೆ ಮಾವ ಎಂದಳು. ಬರೆದಿಟ್ಟಿದ್ದೇನೆ.

ಮಾರ್ಚ್ ೧೭, ಭಾನುವಾರ

ನಿನ್ನೆ ಅಂಗಡಿ ಮುಂದೆ ಬಿರಾಗೊಳ ಬಿಡುಗಡೆ ಮಾಡಿಸಿದೆ. ಸಾಲಿನ ಮೇಸ್ತ್ರಿಗಳೆಲ್ಲ ಬಂದರು. ಒಂದಿಬ್ಬರು ದೂರದಲ್ಲೇ ನಿಂತು ನನ್ನನ್ನು ದುರುಗುಟ್ಟಿ ನೋಡಿದರು. ಕಿಟಕಿ ತೆರೆದಿಟ್ಟು ಅಂಕಿ ಹೇಳಿದ ವಿಷಯ ಇಲ್ಲಿಗೂ ಮುಟ್ಟಿದೆ. ಹೇಳಿದ್ದು ನ್ಸಿಯಾನೇ ಇರಬೇಕು, ಅವನ ಬಾಯಿಗೆ ಬೀಗವಿಲ್ಲ. ಒಂದಿಡೀ ಡಬ್ಬಿ ಪೌಡರನ್ನು ಅವಳ ತಲೆಯ ಮೇಲೆ ಸುರಿದೆ. ಅಕ್ಕ ಕುಣಿದಳು. ಬಿರಾಗೊ ಕಣ್ಣುಜ್ಜಿಕೊಳ್ಳುತ್ತಾ, "ಪೌಡರ್ ಹಾಕಿದ್ರೆ ಎಲ್ಲಾ ಬೆಳ್ಳಗಾಗಲ್ಲ ಮಾವ," ಎಂದಳು. ಕಿವಿಯಲ್ಲಿ ಹೇಳಲು ಏನೂ ಉಳಿದಿರಲಿಲ್ಲ. "ನಾಳೆ ಮನೆಗೆ ಬಾ," ಎಂದೆ.

ಇವತ್ತು ಬಂದಳು. ಟ್ರಂಕಿನ ಮುಚ್ಚಳ ತೆರೆದೇ ಇತ್ತು, ಬೀಗ ಎಲ್ಲಿಟ್ಟಿದ್ದೇನೋ ಸಿಗುತ್ತಿಲ್ಲ.

ನಾನು ಹೊಸ ಅಳತೆ ಪುಸ್ತಕ ಅವಳ ಮುಂದಿಟ್ಟೆ. ಕಾವಲುಗಾರ, ೨೩೮ ಸುತ್ತು. ಕಳ್ಳನ ಪಾಲು, ಏನೂ ಇಲ್ಲ. ಕೆಳಗೆ ನನ್ನ ಸಹಿ, ಅದರ ಕೆಳಗೆ ಅವಳದಕ್ಕೆ ಜಾಗ.

ಓದಿದಳು. ಸಹಿ ಹಾಕಲಿಲ್ಲ. ಕಾಯಿಲ್ಲು ಕೊಡಿ ಎಂದು ಕೈ ಚಾಚಿದಳು. ನೆಲದ ಮೇಲೆ ಕೂತು ತಂತಿ ಬಿಚ್ಚುತ್ತಾ ಒಂದೊಂದೇ ಸುತ್ತು ಎಣಿಸಿದಳು. ನಾನು ಆ ತುದಿ ಹಿಡಿದುಕೊಂಡು ಕೂತಿದ್ದೆ. ಇನ್ನೂರ ಮೂವತ್ತೆಂಟಕ್ಕೆ ನಿಂತಿತು. ಮತ್ತೆ ಸುತ್ತಿ ಎಣಿಸಿದಳು. ಮತ್ತೊಮ್ಮೆ ಬಿಚ್ಚಿ ಎಣಿಸಿದಳು. ಮೂರು ಸಲ. ಮೇಸ್ತ್ರಿ ಕೈ ಸುಳ್ಳು ಹೇಳಲ್ಲ ಎಂದು ನಕ್ಕು ಹೋದವಳು ಇವಳೇ. ಆಮೇಲೆ ಪೆನ್ನು ತೆಗೆದು ಸಹಿ ಹಾಕಿದಳು.

ಮಧ್ಯಾಹ್ನ ಫುಫು ಮಾಡಿದೆವು. ಒನಕೆಗೆ ನಾನು ಕೈ ಹಾಕುವ ಮೊದಲೇ ಅವಳು ಎತ್ತಿಕೊಂಡಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಒಂದೊಂದು ಏಟಿಗೂ ನೆಲ ಅದುರುತ್ತಿತ್ತು. ನಾನು ಕೈ ತೊಳೆದು, ಒರಳಿಗೆ ಕೈ ಹಾಕಿ ತಿರುವುತ್ತಾ ಕೂತೆ.